ಸೋಮವಾರದ ಆಲೂಗಡ್ಡಿ ಧಪಾಟಿ

ಹಂಚಿನ ಮೇಲೆ ತಟ್ಟಿದ, ಬಿಸಿ ಇನ್ನೂ ಆರದ ಧಪಾಟಿಯನ್ನು ತಂದು ಸೂಗಮ್ಮ ಗಿರಣಿಯ ತಕ್ಕಡಿಯೊಳಗೆ ಬಡಿದಳು. ತಕ್ಕಡಿ ಒಂದು ಕಡೆ ವಾಲಿ ನಿಂತಿತು.

"ತಿಂದು ನೋಡ್ರಿ ಇದನ್ನ."

ಸರದಿಗೆ ಕುಳಿತಿದ್ದ ಏಳೆಂಟು ಹೆಂಗಸರು ಜೋಳದ ಬುಟ್ಟಿ ಹಿಡಿದುಕೊಂಡೇ ತಿರುಗಿ ನೋಡಿದರು. ರೇವಣಪ್ಪ ಇಂಜಿನ್ ಬಂದ್ ಮಾಡಿ, ಮೈಮೇಲಿನ ಹಿಟ್ಟು ಕೊಡವುತ್ತ ಬಂದ. ಹುಬ್ಬಿನ ಮೇಲಿನ ಹಿಟ್ಟು ಹಾಗೇ ಇತ್ತು.

"ಇವತ್ತ ಶ್ರಾವಣ ಸೋಮವಾರ, ಸೂಗಮ್ಮ. ನನ್ನ ಉಪವಾಸ ಅದ."

"ಅದಕ್ಕೇ ತಿನ್ರಿ ಅಂದೆ. ನಮ್ಮ ಖಾನಾವಳ್ಯಾಗ ಹನ್ನೊಂದು ಮಂದಿ ಉಪವಾಸದವರು ಇದನ್ನೇ ತಿಂದಾರ. ನಿಮ್ಮ ಹಿಟ್ಟಿನಾಗ ಜೋಳ ಅದ."

ಸರದಿಯ ಹೆಂಗಸೊಬ್ಬಳು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ಅದು ಅರವತ್ತೆಂಟನೆಯ ಇಸವಿಯ ಶ್ರಾವಣದ ಎರಡನೆಯ ಸೋಮವಾರ. ವಾಡಿ ಜಂಕ್ಷನ್ನಿನಲ್ಲಿ ಆಗ ಇದ್ದದ್ದು ಇದೊಂದೇ ಗಿರಣಿ. ಶ್ರಾವಣ ಸೋಮವಾರ ಹಿಡಿದವರು ಸಂಜೆಯ ಪೂಜೆ ಮುಗಿಯುವ ತನಕ ಧಾನ್ಯ ಮುಟ್ಟುವುದಿಲ್ಲ. ಆಲೂಗಡ್ಡಿ ನಡೆಯುತ್ತದೆ, ಶೇಂಗಾ ನಡೆಯುತ್ತದೆ, ಸಾಬೂದಾಣಿ, ಅಂದರೆ ಸಬ್ಬಕ್ಕಿ, ಅದೂ ನಡೆಯುತ್ತದೆ. ಅದಕ್ಕೆ ಆದಿತ್ಯವಾರ ನಸುಕಿನಲ್ಲಿ ಗಿರಣಿಯವನು ಕಲ್ಲು ಬಿಚ್ಚಿ, ತೊಳೆದು, ಒಣಗಿಸಿ, ಮೊದಲು ಉಪವಾಸದ ಸಾಬೂದಾಣಿ ಬೀಸಬೇಕು. ಆಮೇಲೆ ಜೋಳ. ಕಲ್ಲು ತೊಳೆದನೋ ಇಲ್ಲವೋ ಎಂದು ಯಾರೂ ನಿಂತು ನೋಡುವುದಿಲ್ಲ. ಊರಿಗೆ ಊರೇ ಗಿರಣಿಯವನನ್ನು ನಂಬಿ ಉಪವಾಸ ಮಾಡುತ್ತದೆ.

ರೇವಣಪ್ಪ ಸಮಾಧಾನದಿಂದಲೇ ಹೇಳಿದ. ಕಲ್ಲು ತನ್ನ ಕೈಯಾರೆ ತೊಳೆದದ್ದು. ಅವಳ ಸಾಬೂದಾಣಿಯೇ ಎಲ್ಲಕ್ಕಿಂತ ಮೊದಲು ಬೀಸಿದ್ದು.

"ಹಂಗಾರ ಜೋಳ ಏನು ಮುಗಿಲಿನಿಂದ ಉದುರಿತೇನು?"

"ಹಿಟ್ಟು ಕಲಸಿದವರು ಯಾರು?"

"ಅವ್ವ. ಯಾವಾಗಲೂ ಅಕಿನೇ ಕಲಸತಾಳ. ಯಾಕ, ಈಗ ಅಕಿ ಮ್ಯಾಲ ಹಾಕಾಕತ್ತೀರೇನು?"

ರೇವಣಪ್ಪನ ಮುಖದ ಬಣ್ಣ ಬದಲಾಯಿತು. ತಕ್ಕಡಿಯೊಳಗಿನ ಧಪಾಟಿ ನೋಡುತ್ತ ನಿಂತ.

"ತಪ್ಪು ಆಗಿರಬೇಕು ಬಿಡು," ಅಂದ.

ಬಿಡು ಅಂತಾನೆ... ಹನ್ನೊಂದು ಮಂದಿಯ ವ್ರತ ಕೆಡಿಸಿ ಬಿಡು ಅಂತಾನೆ...

ಸೂಗಮ್ಮನ ಕಣ್ಣಿಗೆ ನೀರು ಬಂತು. ನೀರು ಬಂದದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಎರಡು ವರ್ಷ 'ರೀ' ಹಚ್ಚಿ ಮಾತಾಡಿಸಿದ ಬಾಯಿಯಿಂದ ಅದೂ ಬಿದ್ದುಹೋಯಿತು.

"ಚೌತಿ ಆದಮ್ಯಾಲ ವೀಳ್ಯಾ ತಗೊಂಡು ಬರಬ್ಯಾಡ ಅಂತ ನಿನ್ನ ಕಾಕಾಗ ಕಾಗದ ಬರಿ. ಕಲ್ಲು ತೊಳಿಲಾರದವನ ಮನಿಗಿ ನಾ ಬರಾಂಗಿಲ್ಲ."

ಹೇಳಿ ತಿರುಗಿ ನೋಡದೆ ನಡೆದಳು.

ರತ್ನಾಬಾಯಿಯ ಖಾನಾವಳಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಗಂಡ ತೀರಿದ ಮೇಲೆ ಆಕೆ ಮಗಳು ಸೂಗಮ್ಮನನ್ನು ಕಟ್ಟಿಕೊಂಡು ಬೆಳೆಸಿದ ಖಾನಾವಳಿ ಅದು. ರೊಟ್ಟಿ, ಪುಂಡಿಪಲ್ಯ ಎಲ್ಲ ಕಡೆ ಸಿಗುತ್ತಿತ್ತು. ಈ ಕೈಯ ಆಲೂಗಡ್ಡಿ ಧಪಾಟಿ ಇಲ್ಲಿ ಮಾತ್ರ.

ಆಲೂಗಡ್ಡಿ ಸಿಪ್ಪೆ ತೆಗೆಯುತ್ತಿರಲಿಲ್ಲ. ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಸಿಪ್ಪೆ ಸಮೇತ ತುರಿಯುವುದು. ಸತ್ವ ಇರುವುದೇ ಸಿಪ್ಪೆಯ ಬುಡದಲ್ಲಿ ಎಂದು ಆಕೆ ಹೇಳುತ್ತಿದ್ದಳು. ಆಮೇಲೆ ದವಾಖಾನೆಯ ನರ್ಸಬಾಯಿಯೂ ಅದನ್ನೇ ಹೇಳಿದಾಗ ಓಣಿಯ ಮಂದಿಗೆ ಹೌದೆನಿಸಿತು. ತುರಿ ಹಿಂಡಿದ ನೀರನ್ನೂ ಚೆಲ್ಲುವುದಿಲ್ಲ. ತಳಕ್ಕೆ ಇಳಿದ ಬಿಳಿ ಗಸಿಯನ್ನು ಮತ್ತೆ ತುರಿಗೆ ಸೇರಿಸಿ, ಶೇಂಗಾ ಪುಡಿ, ಎಳ್ಳು, ಜೀರಿಗೆ, ಹಸಿಮೆಣಸಿನಕಾಯಿ ಹಾಕಿ, ಹಿಟ್ಟು ಕೂಡಿಸಿ ಹಂಚಿನ ಮೇಲೆ ಕೈಯಿಂದ ತಟ್ಟುವುದು. ಬೇರೆ ದಿನ ಜೋಳದ ಹಿಟ್ಟು, ಉಪವಾಸದ ದಿನ ಸಾಬೂದಾಣಿ ಹಿಟ್ಟು. ಮೇಲೆ ಎಮ್ಮೆಯ ಮೊಸರು.

ಉಪವಾಸ ಎಂದು ರೈಲು ನಿಲ್ಲುವುದಿಲ್ಲ. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಅಮೃತಪ್ಪ ಸೋಮವಾರ ಬೆಂಕಿಯ ಮುಂದೆ ದಿನವೆಲ್ಲ ಸಲಿಕೆ ಎತ್ತಬೇಕು. ಬಾಳೆಹಣ್ಣು ತಿಂದರೆ ಎರಡು ಸ್ಟೇಷನ್ ದಾಟುವಷ್ಟರಲ್ಲಿ ಕೈ ಸೋಲುತ್ತದೆ, ಎರಡು ಧಪಾಟಿ ಮೊಸರು ಹೊಟ್ಟೆಯಲ್ಲಿದ್ದರೆ ರಾಯಚೂರಿನ ತನಕ ಚಿಂತಿಲ್ಲ, ಆರಿದರೂ ಮೆತ್ತಗೇ ಇರುತ್ತದೆ ಎನ್ನುತ್ತಿದ್ದ.

ಪಕ್ಕದ ಮನೆಯ ಹಮೀದಾಬಿ ರಂಜಾನಿನಲ್ಲಿ ಅದಕ್ಕೇ ಈರುಳ್ಳಿ, ತತ್ತಿ ಹಾಕಿ ರೋಜಾ ಬಿಡಲು ಮಾಡುತ್ತಿದ್ದಳು. "ನಿಮ್ಮ ಧಪಾಟಿ ಸನ್ಯಾಸಿ, ನಮ್ಮದು ಸಂಸಾರಸ್ಥ," ಎಂದು ರತ್ನಾಬಾಯಿಯನ್ನು ಕಾಡಿಸುತ್ತಿದ್ದಳು.

ಕೊಡ್ಲಿ ಎಂಬ ಊರಿನಿಂದ ಬಂದು ಗಿರಣಿ ಹಿಡಿದ ರೇವಣಪ್ಪ ಎರಡು ವರ್ಷದಿಂದ ಎರಡು ಹೊತ್ತೂ ಇಲ್ಲೇ ಉಣ್ಣುತ್ತಿದ್ದ. ಮಾತು ಕಡಿಮೆ. ಸೂಗಮ್ಮ ಬಡಿಸಲು ಬಂದರೆ ಸಾಕು ಅನ್ನುವುದನ್ನು ಮರೆಯುತ್ತಿದ್ದ. ಎಲೆಯ ಮೇಲೆ ನಾಲ್ಕು ರೊಟ್ಟಿ ಬಿದ್ದ ಮೇಲೆ ಇಬ್ಬರಿಗೂ ನಗು ಬರುತ್ತಿತ್ತು. ಹಾಗೇ ಮಾತು ಬೆಳೆದು ಮದುವೆ ಗಟ್ಟಿ ಮಾಡುವ ವೀಳ್ಯದ ತನಕ ಬಂದಿತ್ತು.

ಅವತ್ತು ಮಧ್ಯಾಹ್ನ ಮೊದಲ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿದವನು ಅಮೃತಪ್ಪ. ಜೋಳದ ವಾಸನೆ ಎಂದು ಮೆಲ್ಲಗೆ ಹೇಳಿ ಎದ್ದು ಕೈ ತೊಳೆದ. ಇಪ್ಪತ್ತಾರು ವರ್ಷದಿಂದ ಒಂದು ಶ್ರಾವಣ ಸೋಮವಾರವೂ ತಪ್ಪಿಸಿದವನಲ್ಲ. ಅವನು ಬೈದಿದ್ದರೂ ಸೂಗಮ್ಮ ತಡೆದುಕೊಳ್ಳುತ್ತಿದ್ದಳು. ಸುಮ್ಮನೆ ಎದ್ದುಹೋದದ್ದೇ ಅವಳನ್ನು ಸುಟ್ಟಿತು.

ಆದರೆ ಸೂಗಮ್ಮಗೆ ಗೊತ್ತಿಲ್ಲದ ಮಾತೊಂದು ರೇವಣಪ್ಪನಿಗೆ ಗೊತ್ತಿತ್ತು. ರತ್ನಾಬಾಯಿಗೆ ಕಣ್ಣು ಕಾಣುತ್ತಿರಲಿಲ್ಲ.

ಯುಗಾದಿಗೆ ಮುಂಚೆ ಆಕೆ ಗಿರಣಿಗೆ ಬಂದು ಬುಟ್ಟಿಯ ಜೋಳವನ್ನು ಗಿರಣಿಯ ಬಾಯಿಗೆ ಸುರಿಯಲು ಹೋಗಿ ನೆಲಕ್ಕೆ ಸುರಿದಿದ್ದಳು. ಬಗ್ಗಿ ಬಳಿಯಲು ಹೋದ ರೇವಣಪ್ಪ ಆಕೆಯ ಕಣ್ಣೊಳಗೆ ಕೂತ ಬಿಳಿ ಪೊರೆ ನೋಡಿದ. ಒಲೆಯ ಹೊಗೆಗೆ ಕಣ್ಣು ಕಿರಿದು ಮಾಡುವುದು ಖಾನಾವಳಿಯವರಿಗೆ ಹೊಸದಲ್ಲ, ಅದಕ್ಕೇ ಮನೆಯಲ್ಲಿ ಮಗಳಿಗೆ ತಿಳಿದಿರಲಿಲ್ಲ. ರತ್ನಾಬಾಯಿ ಅವನ ಕೈ ಹಿಡಿದು ಕೊರಳ ಲಿಂಗದ ಮೇಲೆ ಇಡಿಸಿಕೊಂಡಳು. ಹಿಂದಿನ ವರ್ಷ ಸೇಡಂ ಕಡೆಯ ಒಳ್ಳೆಯ ಸಂಬಂಧವನ್ನು, ಅವ್ವ ಒಬ್ಬಳೇ ಆಗುತ್ತಾಳೆಂದು ಸೂಗಮ್ಮ ಬಿಟ್ಟಿದ್ದಳು. ಈಗ ಕಣ್ಣಿನ ಮಾತು ತಿಳಿದರೆ ಮದುವೆಯನ್ನೇ ಬಿಡುತ್ತಾಳೆ. ವೀಳ್ಯ ಆಗುವ ತನಕ ಹೇಳಬೇಡ ಎಂದು ಆಣೆ.

ಆ ಆಣೆಗೇ ಕಟ್ಟುಬಿದ್ದು ಅವನು ಗಿರಣಿಯಲ್ಲಿ ಬಿಡು ಅಂದದ್ದು.

ಆ ವಾರ ಗಿರಣಿಯ ಮುಂದಿನ ಸರದಿ ಕರಗಿತು. ಧಾನ್ಯ ಬೆರೆಸುವ ಗಿರಣಿ ಎಂಬ ಹೆಸರು ಬಿತ್ತು. ಉಪವಾಸದವರು ಬಿಡಿ, ಮದುವೆ ಮನೆಯವರೂ ಚಿತ್ತಾಪುರಕ್ಕೆ ಹೊತ್ತು ಹೋದರು. ರೇವಣಪ್ಪ ಖಾನಾವಳಿಗೆ ಊಟಕ್ಕೆ ಬರಲಿಲ್ಲ. ಅವನಿಗೆ ಎಲ್ಲರ ಮೇಲೂ ಸಿಟ್ಟು. ಆಣೆ ಹಾಕಿಸಿದ ಮುದುಕಿಯ ಮೇಲೆ, ಆಣೆ ಮಾಡಿದ ತನ್ನ ಮೇಲೆ, ಎಲ್ಲಕ್ಕಿಂತ ಹೆಚ್ಚು ಸೂಗಮ್ಮನ ಮೇಲೆ.

ಬುಧವಾರ ಬಾವಿಯ ಹತ್ತಿರ ರತ್ನಾಬಾಯಿಯನ್ನು ತಡೆದು ನಿಲ್ಲಿಸಿದ. ಮಗಳ ಮುಂದೆ ನೀವೇ ಹೇಳಿರಿ, ಇಲ್ಲವಾದರೆ ಆಣೆ ಮುರಿದು ನಾನೇ ಹೇಳುತ್ತೇನೆ, ಮುಂದಿನ ಸೋಮವಾರದ ತನಕ ನೋಡುತ್ತೇನೆ ಎಂದ. ಆಕೆ ಅತ್ತಳು, ಹೂಂ ಅಂದಳು. ಹಿಟ್ಟು ಕೆಟ್ಟದ್ದು ತನ್ನ ಕೈಯಿಂದ ಎಂದು ಮಾತ್ರ ಆಕೆ ಒಪ್ಪಲಿಲ್ಲ. ಮೂವತ್ತು ವರ್ಷದಿಂದ ಕಲಸಿದ ಕೈ ಅದು.

ಇತ್ತ ಸೂಗಮ್ಮ ಶನಿವಾರ ಮುಂಜಾನೆ ಗಾಡಿಗೆ ಶಹಾಬಾದಕ್ಕೆ ಹೋದಳು. ಅಲ್ಲಿಯ ಗಿರಣಿಯಲ್ಲಿ ನಿಂತು ಕಲ್ಲು ತೊಳೆಸಿದಳು. ಬಟ್ಟೆಯಿಂದ ತಾನೇ ಒರೆಸಿ ನೋಡಿ ಸಾಬೂದಾಣಿ ಬೀಸಿಸಿದಳು. ತಂದು ಡಬ್ಬಿಗೆ ತುಂಬಿ, ಅಮೃತಪ್ಪನ ಮನೆಗೆ ಹೋಗಿ ಸೋಮವಾರ ಬರಲೇಬೇಕೆಂದು ಕೈ ಮುಗಿದಳು. ಸಿಟ್ಟಿನಲ್ಲಿ ಮಾಡಿದ ಕೆಲಸ, ಒಂದೂ ತಪ್ಪಲಿಲ್ಲ.

ಸೋಮವಾರ ಹತ್ತು ಗಂಟೆಗೆ ಹಂಚು ಕಾಯಿತು. ಅವ್ವ ಕಲಸಿಟ್ಟಿದ್ದಳು. ಸೂಗಮ್ಮ ಮೊದಲನೆಯದನ್ನು ತಟ್ಟಿದಳು.

ಸಾಬೂದಾಣಿಯ ಧಪಾಟಿ ಕಾದಂತೆ ಅಂಚಿನಲ್ಲಿ ಗಾಜಿನ ಹಾಗೆ ತಿಳಿಯಾಗುತ್ತದೆ, ಎತ್ತಿದರೆ ಎಳೆ ಬರುತ್ತದೆ. ಇದು ರೊಟ್ಟಿಯ ಹಾಗೆ ಅಂಚಿಗೆ ಬಿರಿಯಿತು. ಸುಟ್ಟ ಜೋಳದ ವಾಸನೆ ಮೂಗಿಗೆ ಬಂತು.

ಸೂಗಮ್ಮನ ಕೈ ನಿಂತಿತು.

ಇದು ರೇವಣಪ್ಪನ ಗಿರಣಿಯ ಹಿಟ್ಟಲ್ಲ. ಇದನ್ನು ನಾನೇ ಬೀಸಿಸಿದ್ದು, ನಾನೇ ತುಂಬಿದ್ದು... ಹಾಗಾದರೆ?

ತಿರುಗಿ ನೋಡಿದಳು. ರತ್ನಾಬಾಯಿ ಇನ್ನೊಂದು ಹಿಡಿ ಹಿಟ್ಟು ತೆಗೆಯಲು ಡಬ್ಬಿ ಇಡುವ ಫಳಿಯ ಹತ್ತಿರ ಹೋಗಿದ್ದಳು. ಡಬ್ಬಿಗಳ ಕಡೆ ನೋಡುತ್ತಿರಲಿಲ್ಲ. ಬಾಗಿಲ ಕಡೆ ಮುಖ ಮಾಡಿಕೊಂಡು ಬೆರಳಿನಿಂದ ಮುಟ್ಟಿ ಎಣಿಸುತ್ತಿದ್ದಳು. ಒಂದು, ಎರಡು, ಮೂರು. ಮೂರನೆಯದನ್ನು ತೆರೆದಳು. ಅದು ಜೋಳದ ಹಿಟ್ಟಿನ ಡಬ್ಬಿ.

ಶ್ರಾವಣದ ಮೊದಲ ಸೋಮವಾರ ಕಳೆದ ಮರುದಿನ ಗೋಡೆ ಸೋರಿತೆಂದು ಡಬ್ಬಿಗಳನ್ನು ಹಿಂದೆ ಮುಂದೆ ಮಾಡಿದವಳು ಸೂಗಮ್ಮನೇ. ಅವ್ವಗೆ ಹೇಳಿರಲಿಲ್ಲ. ಕಣ್ಣಿಗೆ ಕಾಣುವುದನ್ನು ಯಾರು ಹೇಳುತ್ತಾರೆ? ಎರಡೂ ಬಿಳಿ ಹಿಟ್ಟು, ಎರಡೂ ನುಣ್ಣಗೆ ಬೀಸಿದ್ದು. ಆಲೂಗಡ್ಡಿಯ ನೀರು ಹಿಡಿದ ಕೈಗೆ ಎರಡೂ ಒಂದೇ. ಬೇರೆ ದಿನ ರೊಟ್ಟಿಗೆಂದು ಸೂಗಮ್ಮ ತೆಗೆದಿಟ್ಟ ಜೋಳದ ಹಿಟ್ಟೇ ಧಪಾಟಿಗೂ ಆಗುತ್ತಿತ್ತು, ಅವ್ವ ಡಬ್ಬಿ ಎಣಿಸುತ್ತಿದ್ದದ್ದು ಸೋಮವಾರ ಮಾತ್ರ.

ಸೂಗಮ್ಮ ಬಾಗಿಲ ಬೆಳಕಿಗೆ ಬಂದು ನಿಂತು ಅಂಗೈ ಚಾಚಿದಳು.

"ಅವ್ವ, ಈ ಧಪಾಟಿ ಹೆಂಗ ಬಂದದ ನೋಡು."

ರತ್ನಾಬಾಯಿ ಕಣ್ಣು ಕಿರಿದು ಮಾಡಿ ನಕ್ಕಳು. "ಛಂದ ಬಂದದವ್ವ. ಕೆಂಪಗ ಬಂದದ."

ಅಂಗೈಯಲ್ಲಿ ಏನೂ ಇರಲಿಲ್ಲ.

ಅವಳು ಅಂಗೈ ಮಡಿಚಿಕೊಂಡಳು. ಆಮೇಲೆ ಸೂಗಮ್ಮ ಎಷ್ಟು ದಿನ ಆಯಿತು ಎಂದು ಕೇಳಿದಳು. ಯುಗಾದಿಯ ಮುಂಚಿನಿಂದ ಎಂದಳು ಅವ್ವ. ಮತ್ತೆ ಯಾರಿಗೆ ಗೊತ್ತು ಎಂದು ಕೇಳಿದಳು. ಅವ್ವ ಸೆರಗು ಬಾಯಿಗೆ ಹಿಡಿದಳು.

"ರೇವಣಪ್ಪಗ. ಅಂವನ ಬಾಯಿ ನಾನೇ ಕಟ್ಟೀನಿ, ಸೂಗಿ. ನಿನಗ ಗೊತ್ತಾದ್ರ ನನ್ನ ಕೈ ಹಿಡಕೊಂಡು ಇಲ್ಲೇ ಮುದುಕಿ ಆಗ್ತಿದ್ದಿ."

"ನನ್ನ ಬಾಳೇ ಅದು, ಅವ್ವ. ನನ್ನ ಬಿಟ್ಟು ಎಲ್ಲಾರೂ ಕೂಡಿ ನಿರ್ಧಾರ ಮಾಡೀರಿ."

ಅವಳಿಗೆ ಬೈಯಬೇಕೆನಿಸಿತು, ಅಳಬೇಕೆನಿಸಿತು, ಅವ್ವನ ಕೈ ಒಲೆಯ ಹತ್ತಿರ ಇದ್ದುದನ್ನು ನೋಡಿ ಎರಡನ್ನೂ ಬಿಟ್ಟು ಮೊದಲು ಆ ಕೈ ಹಿಡಿದು ದೂರ ಕೂಡಿಸಿದಳು. ಕಲಸಿದ ಹಿಟ್ಟನ್ನು ಪೂರಾ ಎತ್ತಿ ಹಮೀದಾಬಿಯ ಮನೆಗೆ ಕೊಟ್ಟಳು. ಹೊಸದಾಗಿ ಆಲೂಗಡ್ಡಿ ತುರಿದು, ತಾನೇ ಕಲಸಿ, ತಾನೇ ಬೇಯಿಸಿದಳು.

ಉಪವಾಸದವರು ಎಲೆಯ ಮುಂದೆ ಕುಳಿತಾಗ ಬಡಿಸುವ ಮೊದಲು ನಡುವೆ ನಿಂತು ಹೇಳಿದಳು. ಹೋದ ವಾರದ ತಪ್ಪು ಗಿರಣಿಯದಲ್ಲ, ಈ ಖಾನಾವಳಿಯದು. ಡಬ್ಬಿ ಅದಲುಬದಲು ಮಾಡಿದವಳು ನಾನು. ಅವ್ವಗೆ ಕಣ್ಣು ಕಾಣುವುದಿಲ್ಲ, ಅದನ್ನು ನೋಡದ ಕುರುಡಿ ನಾನು. ಉಣ್ಣುವವರು ಉಣ್ಣಿರಿ, ಏಳುವವರು ಏಳಿರಿ.

ಯಾರೂ ಏಳಲಿಲ್ಲ. ಅಮೃತಪ್ಪ ತುತ್ತು ಮುರಿದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದ. ತಲೆ ಆಡಿಸಿದ.

"ಒಂದು ವಾರ ತಪ್ಪಿದ್ದನ್ನ ಶಿವ ಮನಸ್ಸಿನಾಗ ಇಡೂದಿಲ್ಲ, ತಂಗಿ. ಗಿರಣಿ ಮುಂದ ನಿಂತು ಬೈಸಿಕೊಂಡಾವ ಇಟ್ಟಿರತಾನ. ಮೊದಲ ಅಲ್ಲಿಗಿ ಹೋಗು."

ಅವಳು ಹೋದಳು.

ಗಿರಣಿಯಲ್ಲಿ ಇದ್ದದ್ದು ಮೂರೇ ಬುಟ್ಟಿ. ಒಂದು ಹಮೀದಾಬಿಯದು. ಸೂಗಮ್ಮ ಹೋದ ವಾರ ಎಲ್ಲಿ ನಿಂತಿದ್ದಳೋ ಅಲ್ಲೇ ನಿಂತು, ಅಷ್ಟೇ ಗಟ್ಟಿ ದನಿಯಲ್ಲಿ, ತಪ್ಪು ತನ್ನದೆಂದು ಹೇಳಿದಳು. ಈ ಗಿರಣಿಯ ಕಲ್ಲು ಶುದ್ಧ ಇದೆ ಎಂದು ಓಣಿಗೆಲ್ಲ ತಾನೇ ಹೇಳಿ ಬರುತ್ತೇನೆ ಎಂದಳು.

ರೇವಣಪ್ಪ ಇಂಜಿನ್ ಬಂದ್ ಮಾಡಿದ. ಮುಖ ಬಿಗಿದೇ ಇತ್ತು.

"ಮುಗೀತೇನು?"

"ಮುಗೀತು."

"ತಪ್ಪು ಆಗ್ತಾವ. ಅದಕ್ಕ ನನ್ನ ಸಿಟ್ಟಿಲ್ಲ. ಎರಡು ವರ್ಷ ನಿನ್ನ ಕೈಲೆ ಉಂಡೀನಿ, ಸೂಗಮ್ಮ. 'ರೇವಣಪ್ಪ, ಏನಾತು' ಅಂತ ಒಂದು ಮಾತು ಕೇಳಲಿಲ್ಲ ನೀ. ತೀರ್ಪು ಕೈಯಾಗ ಹಿಡಕೊಂಡೇ ಬಂದಿ."

ಅವಳು ತಲೆ ತಗ್ಗಿಸಿದಳು. ಮತ್ತೆ ಎತ್ತಿದಳು. ಅವಳ ಕಣ್ಣಲ್ಲೂ ಬೆಂಕಿ ಇತ್ತು.

"ಬಂದೆ. ತಪ್ಪು. ಮತ್ತ ನೀ? ನನ್ನ ಅವ್ವನ ಕಣ್ಣು ನನಗಿಂತ ಮೊದಲ ನಿನಗ ಗೊತ್ತಿತ್ತು. ಇಷ್ಟು ತಿಂಗಳು ನನ್ನ ಮುಂದ ಕುಂತು ಉಂಡು ಕೈ ತೊಳಕೊಂಡು ಹೋದಿ. ಅಕಿ ಕೈ ಒಲಿಯಾಗ ಹೋಗಿದ್ರ?"

"ಆಣಿ ಹಾಕಿಸಿದ್ದಳು."

"ಆಣಿ ದೊಡ್ಡದೋ ಅಕಿ ಕೈ ದೊಡ್ಡದೋ?"

ರೇವಣಪ್ಪ ಕೈಮೇಲಿನ ಹಿಟ್ಟನ್ನು ಮೆಲ್ಲಗೆ ಕೊಡವಿದ.

"ಕೈ ದೊಡ್ಡದು," ಅಂದ. "ಅದು ನನ್ನ ತಪ್ಪು. ವೀಳ್ಯಾ ನಿಂತೀತು ಅಂತ ಅಂಜಿದೆ. ಅಕಿ ಸಲುವಾಗಿ ಅಂತ ಅನ್ಕೊಂಡಿದ್ದೆ, ಖರೆ ಅಂದ್ರ ನನ್ನ ಸಲುವಾಗಿ."

ಎರಡು ವರ್ಷದಲ್ಲಿ ಅವನು ಇಷ್ಟು ಮಾತಾಡಿದ್ದಿಲ್ಲ.

"ಹೇಳಿಬಿಡತೀನಿ ಕೇಳು," ಅಂದಳು. "ನಾ ಅವ್ವನ ಬಿಟ್ಟು ಕೊಡ್ಲಿಗಿ ಬರಾಂಗಿಲ್ಲ. ನಿನ್ನ ಬಿಟ್ಟು ಇರೂದೂ ನನಗ ಆಗಾಂಗಿಲ್ಲ. ಈ ವಾರ ಗೊತ್ತಾಗ್ಯದ."

"ಕೊಡ್ಲಿಗಿ ಯಾರು ಹೊಂಟಾರ?"

ಅವಳು ಅವನನ್ನೇ ನೋಡಿದಳು.

"ಕೊಡ್ಲ್ಯಾಗ ಮೂರು ಮಂದಿ ಅಣ್ಣಂದಿರು ಅದಾರ, ನನಗ ಒಂದು ಮೂಲಿ ಇಲ್ಲ. ನನ್ನ ಗಿರಣಿ ಇಲ್ಲೇ ಅದ. ಇಲ್ಲಿಂದ ನಿಮ್ಮ ಒಲಿಗಿ ಎಷ್ಟು ಹೆಜ್ಜಿ? ನಾ ಬೀಸಬೇಕು, ನೀ ಬೇಯಿಸಬೇಕು, ನಿಮ್ಮವ್ವ ನಡುವ ಕುಂತು ಇಬ್ಬರಿಗೂ ಬೈಬೇಕು ಅಂತ ಮಾಡೀನಿ. ನೀವು ತಾಯಿ ಮಗಳು ಕೂಡಿ ನನ್ನ ಕೊಡ್ಲಿಗಿ ಕಳಿಸೇಬಿಟ್ಟೀರಿ. ಒಬ್ಬರೂ ಕೇಳಲಿಲ್ಲ."

ಮಗಳನ್ನು ಕಳಿಸಬೇಕೆಂದು ತಾಯಿ, ತಾಯಿಯನ್ನು ಬಿಡಲಾರೆನೆಂದು ಮಗಳು. ಇಷ್ಟು ದಿನ ಇಬ್ಬರೂ ಹೆದರಿದ್ದು ಯಾರೂ ಹೋಗೆಂದು ಹೇಳದ ಊರಿಗೆ.

ಹಮೀದಾಬಿ ಗೋಡೆಗೆ ಒರಗಿ ಕುಳಿತವಳು ಎಲೆ ಅಡಿಕೆ ಒಂದು ಕಡೆ ಸರಿಸಿದಳು. "ಬೇಟಾ, ಜಗಳ ಆರಾಮ ಮುಗಿಸ್ರಿ. ಆದ್ರ ನನ್ನ ಜೋಳ ಅರ್ಧ ಕಲ್ಲಿನಾಗ ಅದ, ಅರ್ಧ ಬುಟ್ಟ್ಯಾಗ ಅದ. ಅದರದೂ ನಿಕಾಹ್ ಮಾಡಿಸ್ರಿ."

ಸೂಗಮ್ಮ ನಗಲಿಲ್ಲ. ನಕ್ಕರೆ ಅಳು ಬರುತ್ತದೆಂದು ತುಟಿ ಕಚ್ಚಿ ನಿಂತಳು. ನಿನ್ನೆಯಿಂದ ಏನಾದರೂ ಹೊಟ್ಟೆಗೆ ಬಿದ್ದಿದೆಯೇ ಎಂದು ಅವನನ್ನು ಕೇಳಿದಳು. ಅವನು ಇಲ್ಲವೆಂದು ತಲೆ ಆಡಿಸಿದ.

"ಕೈಕಾಲು ತೊಳಕೊಂಡು ಬರ್ರಿ," ಅಂದಳು. ಬಿದ್ದುಹೋಗಿದ್ದ 'ರೀ' ತಾನಾಗಿಯೇ ಬಂದು ಕೂತಿತ್ತು.

ಅವನು ಬಂದಾಗ ಖಾನಾವಳಿ ಖಾಲಿಯಾಗಿತ್ತು. ರತ್ನಾಬಾಯಿ ಕಂಬಕ್ಕೆ ಒರಗಿ ಕುಳಿತಿದ್ದಳು. ಹೆಜ್ಜೆಯ ಸಪ್ಪಳದಿಂದಲೇ ಗುರುತು ಹಿಡಿದು, "ರೇವಣಾ, ನನಗ ಬಯ್ಯೋದಿದ್ರ ಉಂಡು ಬೈಯಪ್ಪ," ಅಂದಳು.

ಅವನು ಬೈಯಲಿಲ್ಲ. ಶ್ರಾವಣ ಮುಗಿದ ಮೇಲೆ ಕಲಬುರಗಿಯ ದೊಡ್ಡ ದವಾಖಾನೆಗೆ ಹೋಗೋಣ, ಪೊರೆ ತೆಗೆದರೆ ಕಾಣುತ್ತದಂತೆ, ಗಿರಣಿ ಎರಡು ದಿನ ಬಂದ್ ಇದ್ದರೆ ಊರೇನೂ ಉಪವಾಸ ಬೀಳುವುದಿಲ್ಲ ಎಂದ. ಕಣ್ಣಿಗೆ ಕತ್ತರಿ ಹಾಕುತ್ತಾರೇನೋ ಎಂದು ಆಕೆ ಅಂಜಿದಳು. ಕಾಣದೆ ಧಪಾಟಿ ತಟ್ಟಿದವಳಿಗೆ ಅದೇನು ದೊಡ್ಡದು ಎಂದ. ಆಕೆ ಕಣ್ಣೊರೆಸಿಕೊಂಡು ನಕ್ಕಳು.

ಸೂಗಮ್ಮ ಹಂಚಿನಿಂದ ತೆಗೆದದ್ದನ್ನು ನೇರ ಅವನ ಎಲೆಗೆ ಹಾಕಿ ಮೊಸರು ಬಡಿಸಿದಳು. ಎದುರಿಗೆ ಕುಳಿತಳು. ಅವನು ಮುರಿದ, ಎಳೆ ಬಂತು. ತಲೆ ಎತ್ತದೆ ತಿಂದ. ಇನ್ನೊಂದು ಹಾಕಿದಳು, ಅದನ್ನೂ ತಿಂದ.

"ಸಿಟ್ಟು ಹೋತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ."

"ನಂದೂ ಹೋಗಿಲ್ಲ."

ರೇವಣಪ್ಪ ಎಲೆಯನ್ನು ಅವಳ ಕಡೆ ಸ್ವಲ್ಪ ಸರಿಸಿದ.

"ಹಂಗಾರ ಇನ್ನೊಂದು ಹಾಕು," ಅಂದ. "ನೀನೂ ತಗೋ. ಭಾಳ ದಿನದ ಜಗಳ ಅದ ನಮ್ದು, ಖಾಲಿ ಹೊಟ್ಟಿಲೆ ಆಗೂದಿಲ್ಲ."